ಪಿಟೀಲು ತೂಗುವ ಹಲಗೆ

"ಅಯ್ಯೋ! ಯಾರದು? ಗೋಡೆ ಒಡೆದು ಬರ್ತಾ ಇದ್ದಾರಲ್ಲ!"

ಗೋಡೆಯ ಆಚೆಯಿಂದ ಕೂಗು ಕೇಳಿದ್ದೇ ಸುಪ್ರೀತಾ ಗಾಬರಿಯಾಗಿ ಡ್ರಿಲ್ ನಿಲ್ಲಿಸಿದಳು. ಮರುಕ್ಷಣ ಪಕ್ಕದ ಕನ್ನಡಕದ ಅಂಗಡಿಯ ಮನೀಷ್ ಬಾಗಿಲಲ್ಲಿದ್ದ. ಹುಬ್ಬು, ಮೀಸೆಯೆಲ್ಲ ಸುಣ್ಣದ ಪುಡಿ!

"ಟೀಚರ್, ನಿಮ್ಮ ಡ್ರಿಲ್ ನನ್ನ ಶೋಕೇಸಿಗೆ ಬಂತು."

"ಸಾರಿ... ನಿಜವಾಗಿ ಸಾರಿ!"

ನಗಬಾರದು ಎಂದುಕೊಂಡರೂ ಆ ಬಿಳಿ ಮೀಸೆ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಸಿಟ್ಟಿನಿಂದ ಬಂದವನೂ ನಕ್ಕುಬಿಟ್ಟ.

ಮೆಲ್ಕಾರ್ ಪೇಟೆಯ ಆ ಕಟ್ಟಡದ ಮಹಡಿಯಲ್ಲಿ ಸುಪ್ರೀತಾ ಸಂಗೀತ ತರಗತಿ ತೆರೆದು ಕೆಲವೇ ವಾರಗಳಾಗಿದ್ದವು. ನೆಲದ ಮೇಲಿಟ್ಟಿದ್ದ ಗಿಟಾರನ್ನು ಒಂದು ಮಗು ಗೊತ್ತಾಗದೆ ತುಳಿದು, ಅದರ ಕುತ್ತಿಗೆ ಮುರಿದಿತ್ತು. ಅದಕ್ಕೇ ಹಳೆಯ ಮಂಚದ ಹಲಸಿನ ಹಲಗೆ ತಂದು, ವಾದ್ಯಗಳನ್ನು ಗೋಡೆಗೆ ತೂಗುಹಾಕುವ ವ್ಯವಸ್ಥೆ ತಾನೇ ಮಾಡಲು ಹೊರಟಿದ್ದಳು.

"ಇದು ತೆಳು ಗೋಡೆ. ಆ ಬದಿಯದ್ದು ದಪ್ಪ ಉಂಟು. ಅಲ್ಲಿ ಹಾಕುವ, ನಾನೂ ಬರ್ತೇನೆ" ಎಂದ ಮನೀಷ್.

ಆಮೇಲೆ ಸಂಜೆ ತರಗತಿ ಮುಗಿದ ಕೂಡಲೇ ಇಬ್ಬರೂ ಕೆಲಸಕ್ಕೆ ಕೂರುತ್ತಿದ್ದರು. ಅವನು ಹಲಗೆ ಕೊಯ್ದ, ಅವಳು ಉಜ್ಜಿ ನುಣುಪು ಮಾಡಿದಳು. ವಾದ್ಯದ ಕುತ್ತಿಗೆ ಸಿಕ್ಕಿಸಲು ಜೋಡಿ ಗೂಟಗಳು. ಅವುಗಳಿಗೆ ಅವನು ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಅಂಟಿಸಿದ.

"ಗಾಜಿಗೇ ಗೆರೆ ಬೀಳುವುದಿಲ್ಲ. ಪಿಟೀಲಿಗೆ ಬೀಳ್ತದಾ?"

ಎಲ್ಲ ವಾದ್ಯಗಳೂ ಗೋಡೆಯೇರಿದ ದಿನ ಅವನು ಗೋಡೆಯನ್ನಲ್ಲ, ಅವಳನ್ನೇ ನೋಡುತ್ತಿದ್ದ.

'ಇವತ್ತು ಹೇಳಿಯೇ ಹೇಳ್ತಾರೆ...' ಅವಳ ಎದೆ ಜೋರಾಗಿ ಬಡಿದುಕೊಂಡಿತು.

"ಟೀಚರ್... ಇಂಥದ್ದೊಂದು ನಮ್ಮ ಮನೆಗೂ ಬೇಕಿತ್ತು. ಅಳದಂಗಡಿ ಊರಿಂದ ಹುಡುಗಿ ಬರ್ತಾಳೆ, ಭವ್ಯಶ್ರೀ ಅಂತ. ಪಿಟೀಲು ನುಡಿಸ್ತಾಳೆ. ಮದುವೆಗೆ ಮೊದಲು ಆಗಬೇಕು."

ಸುಪ್ರೀತಾಳ ಮುಖ ಬಾಡಿತು. "ಮಾಡಿ ಕೊಡ್ತೇನೆ" ಎಂದಷ್ಟೇ ಹೇಳಿದಳು.

ಮರುದಿನದಿಂದ ಅವನು ಬಂದಾಗಲೆಲ್ಲ "ಕೆಲಸ ಉಂಟು" ಎಂದು ಬಾಗಿಲು ಹಾಕಿಕೊಂಡಳು. ಆ ಹಲಗೆಯನ್ನು ಅರೆಮನಸ್ಸಿನಿಂದ ಮಾಡಿಬಿಡೋಣ ಅಂತಲೂ ಒಮ್ಮೆ ಅನ್ನಿಸಿತು. ಆದರೆ ಪಿಟೀಲು ಬಿದ್ದರೆ? ಆ ಹುಡುಗಿಯ ತಪ್ಪೇನು? ಕಣ್ಣೊರೆಸಿಕೊಂಡು, ಮೊದಲಿನದ್ದಕ್ಕಿಂತ ಚೆಂದದ ಹಲಗೆ ಮಾಡಿದಳು. ಅಂಚಿನಲ್ಲಿ ಬಳ್ಳಿಯನ್ನೂ ಕೆತ್ತಿದಳು.

ಪಾಣೆಮಂಗಳೂರಿನ ಅವನ ಮನೆಗೆ ತಾನೇ ಹೋಗಿ ಅದನ್ನು ಗೋಡೆಗೆ ಬಿಗಿದಳು. ಅವನ ಅಮ್ಮ ಶಶಿಪ್ರಭಾ ಒಳಗೆ ಚಹಾ ಮಾಡುತ್ತಿದ್ದರು.

"ಎಷ್ಟು ಚೆಂದ ಆಗಿದೆ, ಟೀಚರ್!" ಎಂದ ಮನೀಷ್.

ಸುಪ್ರೀತಾ ಅವನತ್ತ ತಿರುಗಿದಳು.

"ಮನೀಷ್, ಇದನ್ನು ಮಾಡುವಾಗ ನನಗೆ ಸಂತೋಷ ಆಗಲಿಲ್ಲ. ಅಷ್ಟು ಹೇಳದೆ ಹೋದರೆ ನನಗೆ ನೆಮ್ಮದಿ ಇಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ ಆಗಿತ್ತು. ನೀವೂ ಭವ್ಯಶ್ರೀಯೂ ಚೆನ್ನಾಗಿರಿ..."

"ನಾನೂ ಭವ್ಯಶ್ರೀಯೂ?" ಅವನು ಬೆಪ್ಪಾಗಿ ನಿಂತ. "ಅಯ್ಯೋ ದೇವರೇ! ಅವಳು ನನ್ನ ತಮ್ಮನ ಹುಡುಗಿ! ಜಿತೇಶ್ ದುಬೈಯಿಂದ ಬಂದದ್ದೇ ಮದುವೆಗೆ!"

"ತಮ್ಮನ...?"

"ಹೌದು ಮಾರಾಯ್ರೆ! ತಮ್ಮನಿಗೆ ಮದುವೆ ಗೊತ್ತಾಯ್ತು. ಅಣ್ಣ ಮಾತ್ರ ಒಬ್ಬರನ್ನು ಕೇಳಲಿಕ್ಕೆ ಹೆದರಿಕೊಂಡು ಕೂತಿದ್ದಾನೆ. ಕೇಳುವ ಅಂತ ಬಂದರೆ ಅವರು ಬಾಗಿಲೇ ತೆರೆಯುವುದಿಲ್ಲ!"

ಅವಳ ಕೆನ್ನೆ ಕೆಂಪಾಯಿತು. ಅಳುವೂ ನಗುವೂ ಒಟ್ಟಿಗೇ ಬಂದವು.

"ಈಗ ತೆರೆದೇ ಉಂಟಲ್ಲ..." ಎಂದಳು ಮೆಲ್ಲಗೆ. "ಕೇಳಿ."

"ನನ್ನನ್ನು ಮದುವೆ ಆಗ್ತೀರಾ?"

"ಆಗ್ತೇನೆ. ಆದರೆ ಅಮ್ಮನಿಗೆ ನೀವೇ ಹೇಳಬೇಕು."

"ನನಗೆ ಎಲ್ಲ ಕೇಳಿಸಿತು ಮಗಾ!" ಅಡುಗೆಮನೆಯಿಂದ ಶಶಿಪ್ರಭಾ ಕೂಗಿದರು. "ಚಹಾ ತಣಿಯುತ್ತದೆ, ಇಬ್ಬರೂ ಬನ್ನಿ!"

ಮನೀಷ್ ನಾಚಿಕೊಂಡೇ ಕೈ ಚಾಚಿದ.

"ಹೋಗುವಾ?"

ಸುಪ್ರೀತಾ ಆ ಕೈ ಹಿಡಿದಳು.

"ಹೋಗುವ."