ಕಲ್ಲುಮೊನೆ ಕೋಟೆಯ ಹೊಸಿಲು

"ಮೇಷ್ಟ್ರೇ, ಯಾರದೋ ಹೊಸಿಲನ್ನ ತಂದು ನಮ್ಮ ಬಾಗಿಲಿಗೆ ಹಾಕ್ತಾ ಇದೀರಲ್ಲ, ಬುದ್ಧಿ ನೆಟ್ಟಗಿದೆಯಾ?"

ಮಹಡಿ ಮೆಟ್ಟಿಲ ಮೇಲೆ ನಿಂತು ಕೇಳಿದವರು ಮನೆಯ ಒಡತಿ ಚಿಕ್ಕಗಂಗಮ್ಮ. ಶ್ಯಾಮಸುಂದರ ತಲೆ ಎತ್ತಲಿಲ್ಲ. ಬಸವೇಶ್ವರನಗರದ ಈ ಬಾಡಿಗೆ ಮನೆಗೆ ಬಂದು ತಿಂಗಳಾಗಿತ್ತು. ಬಾಗಿಲಿಗೊಂದು ಮೆಟ್ಟಿಲು ಹಾಕಿಸಿಕೊಡಿ ಎಂದು ನಾಲ್ಕು ಸಲ ಕೇಳಿ ಸಾಕಾಗಿ, ತಾನೇ ಸಿಮೆಂಟು ಕಲಸಿ ಕಲ್ಲು ಕೂರಿಸುತ್ತಿದ್ದ.

"ಕೋಟೇದು ಅಮ್ಮಾ ಇದು. ಕಲ್ಲುಮೊನೆ ಕೋಟೆ ಅಂತ, ಕಡಲ ದಡದಲ್ಲಿತ್ತು. ಅದರ ಚರಿತ್ರೆ ಬರೀತಾ ಇದೀನಿ. ಬುರುಜು, ಬಾವಿ ಎಲ್ಲಾ ಕಡಲು ತಿಂದಾಯ್ತು. ಹೋದ ಮಳೆಗಾಲಕ್ಕೆ ಹೆಬ್ಬಾಗಿಲೂ ಬಿತ್ತು. ಉಳಿದಿದ್ದು ಇದೊಂದೇ."

"ಸುಮ್‌ಸುಮ್ನೆ ತಿನ್ನುತ್ತಾ ಕಡಲು?"

ಅವನಿಗೆ ನಗು ಬಂತು. ಕೋಟೆಯ ಸುತ್ತಲ ಊರಿನವರು ಹೇಳಿದ್ದನ್ನೇ ಹೇಳಿದ. ಕೋಟೆಗೆ ಮುತ್ತಿಗೆ ಬಿದ್ದಾಗ, ಮಂತ್ರ ಬಲ್ಲ ಸೂಲಗಿತ್ತಿಯೊಬ್ಬಳು ಜ್ವರದ ಕೂಸನ್ನು ಎತ್ತಿಕೊಂಡು ಬಂದು ಹೆಬ್ಬಾಗಿಲಲ್ಲಿ ಮೂರು ಸಲ ನೀರು ಬೇಡಿದಳಂತೆ. ಒಳಗೆ ತುಂಬಿದ ಬಾವಿ ಇದ್ದರೂ ಕಿಲ್ಲೇದಾರ ಮೂರು ಸಲವೂ ಇಲ್ಲವೆಂದ. ಒಂದೊಂದು ಸಲಕ್ಕೂ ಅವಳು ಸೆರಗಿಗೆ ಒಂದೊಂದು ಗಂಟು ಹಾಕಿದಳು. ಕೂಸು ಹೊಸಿಲ ಮೇಲೆಯೇ ಹೋಯಿತು. ಅಂದಿನಿಂದ ಕಡಲು ಕೋಟೆಯತ್ತ ತೆವಳತೊಡಗಿತು.

"ಮಣ್ಣು ಸವೆದಿದ್ದಕ್ಕೆ ಮಾಟದ ಹೆಸರು ಇಟ್ಟಿದಾರೆ, ಅಷ್ಟೇ."

ಚಿಕ್ಕಗಂಗಮ್ಮ ನಗಲಿಲ್ಲ. "ಆಯ್ತು, ಒಂದು ಮಾತು ನಡೆಸ್ಕೊಡಿ. ಈ ಬಾಗಿಲಿಗೆ ಯಾರಾದ್ರೂ ನೀರು ಕೇಳ್ಕೊಂಡು ಬಂದ್ರೆ, ಇಲ್ಲ ಅನ್ಬೇಡಿ."

"ಈ ಕಾಲದಲ್ಲಿ ಬಾಗಿಲಿಗೆ ಬರೋರು ಪಾರ್ಸೆಲ್‌ನೋರು ಮಾತ್ರ. ಬಿಡಿ ಅಮ್ಮಾ."

ಮಾರ್ಚಿಗೆ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರಿನವನು ಮೂರು ದಿನದಿಂದ "ಹೊರಟಿದೀನಿ ಸಾರ್, ಐದೇ ನಿಮಿಷ" ಎನ್ನುತ್ತಿದ್ದ. ಹೆಂಡತಿ ತುಂಗಾ ಶಾಲೆಯ ಪರೀಕ್ಷೆ ಕೆಲಸಕ್ಕೆ ಹೋಗಿದ್ದಳು. ಆರು ವರ್ಷದ ಮಗಳು ಇಂಚರಾಗೆ ಕಾದ ಹೆಂಚಿನಂಥ ಜ್ವರ. ನೀರು ಕುಡಿಸ್ತಾನೇ ಇರಿ ಎಂದಿದ್ದರು ಡಾಕ್ಟರು. ಮನೆಯಲ್ಲಿ ಉಳಿದಿದ್ದು ಅರ್ಧ ಬಿಂದಿಗೆ.

ಮಟಮಟ ಮಧ್ಯಾಹ್ನ. ಕರೆಂಟಿಲ್ಲ. ಫೋನು ಕಿವಿಗೊತ್ತಿ ಟ್ಯಾಂಕರಿನವನ ಮೇಲೆ ಕೂಗಾಡುತ್ತಿದ್ದಾಗ, ತೆರೆದ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಕಂಕುಳಲ್ಲಿ ಬಟ್ಟೆ ಮುಚ್ಚಿದ ಕೂಸು.

"ಅಣ್ಣಾ, ಒಂದು ಲೋಟ ನೀರು."

"ಇಲ್ಲಮ್ಮಾ. ಪಕ್ಕದ ಮನೇಲಿ ಕೇಳು."

"ಮಗೂಗೆ ಅಣ್ಣಾ. ಒಂದೇ ಗುಟುಕು."

"ನನ್ನ ಮಗಳಿಗೇ ಇಲ್ಲ!"

"ಬಿಂದಿಗೇಲಿ ಇದೆಯಲ್ಲ?"

"ಇಲ್ಲ ಅಂದ್ರೆ ಇಲ್ಲ! ಹೋಗಮ್ಮಾ, ತಲೆ ತಿನ್ಬೇಡ!"

ಬಾಗಿಲನ್ನು ದಡಾರನೆ ಮುಚ್ಚಿದ. ಮುಚ್ಚುವಾಗ ಅವಳ ಬೆರಳುಗಳು ಕಂಡವು. ಸೆರಗಿನ ತುದಿಗೆ ಮೂರನೆಯ ಗಂಟು ಬಿಗಿಯುತ್ತಿದ್ದವು.

ಮೊದಲು ವಾಸನೆ ಬಂತು. ಕೊಳೆತ ಮೀನು, ಒದ್ದೆ ಹಗ್ಗ, ಉಪ್ಪು. ಆಮೇಲೆ ಒಣಗಿದ ಸಂಪಿನೊಳಗಿಂದ ಮೊರೆತ. ಕಿಟಕಿ ಕಪ್ಪಾಯಿತು. ಬಾಗಿಲ ಸಂದಿಯಿಂದ ಮರಳು ಸುರಿಯಿತು. ಮರಳಿನ ಹಿಂದೆ ನೀರು. ಪಾದ ಮುಳುಗಿತು. ಮಂಡಿ ಮುಳುಗಿತು. ಗೋಡೆಯಿಂದ ಅಂಗೈಯಗಲದ ಹೆಂಟೆಗಳು ಕಳಚಿ ಬಿದ್ದವು. ಕೋಟೆ ಹೀಗೆಯೇ ಬಿದ್ದಿತ್ತು. ಅವನೇ ಬರೆದಿದ್ದ. ಪುಟ ಪುಟ ಬರೆದಿದ್ದ.

"ಅಪ್ಪಾ!"

ಇಂಚರಾಳ ಮಂಚ ತೇಲುತ್ತಿತ್ತು. ಓಡಿದ. ಎತ್ತಿ ಹೆಗಲಿಗೆ ಹಾಕಿಕೊಂಡ. ಬಾಗಿಲು ಎಳೆದ. ಜಗ್ಗಲಿಲ್ಲ. ನೀರು ಎದೆಗೆ ಬಂತು. ಅಡುಗೆಕಟ್ಟೆಯಿಂದ ತೇಲಿಬಂದ ಬಿಂದಿಗೆ ಕೈಗೆ ಸಿಕ್ಕಿತು.

"ಇದೆ ತಾಯಿ! ನೀರಿದೆ! ಸುಳ್ಳು ಹೇಳ್ದೆ! ಕೊಡ್ತೀನಿ!"

ಬಾಗಿಲು ತಾನಾಗಿ ತೆರೆಯಿತು. ಹೊಸಿಲಾಚೆ ಅವಳು ಕುಳಿತಿದ್ದಳು, ಬೊಗಸೆ ಒಡ್ಡಿಕೊಂಡು. ಬಿಂದಿಗೆ ಬಗ್ಗಿಸಿದ. ಮೊದಲು ಕೂಸಿನ ತುಟಿಗೆ ಹನಿಸಿದಳು. ಆಮೇಲೆ ತಾನು ಕುಡಿದಳು. ಬಿಂದಿಗೆ ಬರಿದಾಯಿತು. ಅವಳು ಒಂದು ಗಂಟು ಬಿಚ್ಚಿದಳು, ನೀರು ಮಂಡಿಗಿಳಿಯಿತು. ಇನ್ನೊಂದು ಬಿಚ್ಚಿದಳು, ನೆಲ ಕಂಡಿತು. ಮೂರನೆಯದನ್ನು ಬೆರಳಲ್ಲಿ ಸವರಿ ನೋಡಿ, ಹಾಗೇ ಬಿಟ್ಟು ಎದ್ದಳು.

ಸದ್ದು ಕೇಳಿ ಚಿಕ್ಕಗಂಗಮ್ಮ ಚೊಂಬಿನಲ್ಲಿ ನೀರು ಹಿಡಿದು ಇಳಿದು ಬಂದಾಗ ನೆಲ ಒಣಗಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಶ್ಯಾಮಸುಂದರ ಚೊಂಬು ಕಿತ್ತುಕೊಂಡು ಮಗಳ ಬಾಯಿಗಿಟ್ಟ.

"ಥೂ! ಉಪ್ಪು ಅಪ್ಪಾ!"

ಚಿಕ್ಕಗಂಗಮ್ಮ ಅದೇ ಚೊಂಬನ್ನು ತೆಗೆದುಕೊಂಡು ತಾವೇ ಕುಡಿಸಿದರು. ಮಗು ಗಟಗಟ ಕುಡಿಯಿತು. ಅವರು ಅವನ ಕೈಗಳನ್ನು ನೋಡಿದರು.

ಈಗ ಆ ಮನೆಯ ಗೇಟಿನ ಪಕ್ಕ ಒಂದು ಮಣ್ಣಿನ ಮಡಕೆ ಇದೆ, ಮೇಲೊಂದು ಲೋಟ. ಹಾದುಹೋಗುವವರು ಕುಡಿದು ಹೋಗುತ್ತಾರೆ. ದಿನಾ ತುಂಬಿಸುವವಳು ತುಂಗಾ. ಜ್ವರ ಬಿಟ್ಟ ಇಂಚರಾ ಬೀದಿಯಲ್ಲಿ ಕುಣಿದು ದಣಿದು ಓಡಿಬಂದು, ಅಭ್ಯಾಸಬಲದಿಂದ ಅವನನ್ನೇ ಕೇಳುತ್ತಾಳೆ.

"ಅಪ್ಪಾ, ನೀರು!"

ಮಡಕೆ ಕೈಯಳತೆಯಲ್ಲೇ ಇರುತ್ತದೆ. ಶ್ಯಾಮಸುಂದರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಕ್ಕೆ ಕೂಗುತ್ತಾನೆ.

"ತುಂಗಾ... ಮಗು ನೀರು ಕೇಳ್ತಾ ಇದೆ, ಬೇಗ ಬಾರೇ."