ಎರಡು ಗಂಟೆ ಮೊದಲೇ ಇಳಿದವಳು

2016ರ ಜೂನ್ 14, ಮಂಗಳವಾರ. ವೆರ್ಖ್ನಿ ಕ್ಲ್ಯುಚ್ ಎಂಬ ಸಣ್ಣ ಊರಿನ ಪೊಲೀಸ್ ಠಾಣೆಗೆ ದೂರು ಬಂದದ್ದು ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ. ದೂರು ಬಂತು ಎನ್ನುವುದಕ್ಕಿಂತ ದೂರುದಾರಳು ಬಂದಳು ಎನ್ನುವುದೇ ಸರಿ. ಅವಳ ಒಂದು ಮಾತೂ ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಅರವತ್ತರ ಅಂಚಿನ ಹೆಂಗಸು. ಬೆನ್ನಿಗೆ ಕೆಂಪು ಚೀಲ, ಕಾಲಿಗೆ ದಪ್ಪ ಬೂಟು. ಕ್ಯಾಪ್ಟನ್ ಯೆರ್ಮೊಲಾಯ್ ಸವ್ವಿಚ್ ದ್ಯೂಕಿನ್ ಕುರ್ಚಿ ತೋರಿಸಿದ. ಅವಳು ಕೂರದೆ ಸೊಂಟದ ಸಣ್ಣ ಚೀಲವನ್ನು ಬಿಚ್ಚಿ ಮೇಜಿನ ಮೇಲೆ ಕೊಡವಿದಳು. ಒಂದು ಬಾಚಣಿಗೆ, ಎರಡು ಪೆಪ್ಪರಮಿಂಟು, ಮಡಿಸಿದ ರೂಬಲ್ ನೋಟುಗಳು ಬಿದ್ದವು.

"ಪಾಸ್‌ಪೋರ್ಟ್" ಎಂದಳು. ಅದೊಂದು ಮಾತ್ರ ಎಲ್ಲರಿಗೂ ಅರ್ಥವಾಯಿತು.

ದ್ಯೂಕಿನ್ ಶಾಲೆಯಲ್ಲಿ ಓದಿದ್ದು ಜರ್ಮನ್. ಅದೂ ಮರೆತು ಎಷ್ಟೋ ಕಾಲವಾಗಿತ್ತು. ಸಾರ್ಜೆಂಟ್ ರವಿಲ್ ಕಡೆಗೆ ತಿರುಗಿದ.

"ನೀನು ಇಂಗ್ಲಿಷ್ ಓದಿದವನಲ್ಲವೇನೋ? ಮಾತಾಡ್ಸು."

"ಅಗ್ನಿಯಾ ಪ್ರೊಖೊರೊವ್ನಾ ಅವರ ಕ್ಲಾಸಲ್ಲಿ ಆರು ವರ್ಷ ಕೂತಿದ್ದೆ, ಸವ್ವಿಚ್. ಕೂತಿದ್ದೆ ಅಷ್ಟೇ."

"ಹಾಗಾದ್ರೆ ಅವರನ್ನೇ ಕರ್ಕೊಂಡು ಬಾ. ಊರಲ್ಲಿ ಇನ್ಯಾರಿದಾರೆ!"

ಎರಡು ಗಂಟೆ ಹತ್ತು ನಿಮಿಷಕ್ಕೆ ರವಿಲ್ ಟೀಚರನ್ನು ಕರೆತಂದ. ತೆಳ್ಳಗಿನ ಹೆಂಗಸು, ಇಸ್ತ್ರಿ ಮಾಡಿದ ಬಿಳಿ ಕುಪ್ಪಸ, ಎದೆಯ ಮೇಲೆ ಕಲ್ಲಿನ ಪಿನ್ನು. ಬಂದವರೇ ರವಿಲ್‌ನ ಕಡೆ ಬೆರಳು ತೋರಿಸಿ, "ಇವನಿಗೆ ಐದಕ್ಕೆ ಕೊಟ್ಟ ಮೂರು ಅಂಕ ನಾನು ಮಾಡಿದ ದಾನ, ಬರ್ಕೊಳ್ಳಿ ಅದನ್ನೂ" ಎಂದು ನಕ್ಕರು. ಕೆನ್ನೆ ಮಾತ್ರ ಕೆಂಪಾಗಿತ್ತು.

ಅವರ ಬಾಯಿಂದ ದೂರು ದಾಖಲಾಯಿತು. ಹೆಸರು ಡೋರೀನ್ ಪ್ರಾಸರ್, ಕೆನಡಾದವಳು. ಮಾಸ್ಕೋ, ಕಜಾನ್ ನೋಡಿಕೊಂಡು ಯೆಕಟೆರಿನ್‌ಬರ್ಗ್‌ಗೆ ಹೊರಟವಳು. ನಾಳೆ ಬೆಳಿಗ್ಗೆ ಅಲ್ಲಿಂದ ವಿಮಾನ. ವೀಸಾ ಮುಗಿಯುವುದೂ ನಾಳೆ ಮಧ್ಯರಾತ್ರಿಗೆ. ಪಾಸ್‌ಪೋರ್ಟ್ ಸಿಗದಿದ್ದರೆ ಕೋರ್ಟು, ದಂಡ, ಮತ್ತೆ ಐದು ವರ್ಷ ಈ ದೇಶದ ಕಡೆ ತಲೆ ಹಾಕುವಂತಿಲ್ಲ.

"ಎಲ್ಲಿ ಕಳೀತು?"

"ಯೆಕಟೆರಿನ್‌ಬರ್ಗ್ ಸ್ಟೇಷನ್ನಿನಲ್ಲಿ ಅಂತಾರೆ."

"ಅದು ನೂರೈವತ್ತು ಕಿಲೋಮೀಟರ್ ದೂರ ಇದೆ. ಇಲ್ಲಿಗ್ಯಾಕೆ ಬಂದ್ರು?"

ಕೇಳಿ ಹೇಳಿದರು. "ಇದೇ ಯೆಕಟೆರಿನ್‌ಬರ್ಗ್ ಅಂದ್ಕೊಂಡಿದಾರೆ."

ದ್ಯೂಕಿನ್ ಪೆನ್ನು ಕೆಳಗಿಟ್ಟ. ಟಿಕೆಟ್ ಇಸಿದುಕೊಂಡು ನೋಡಿದ ಮೇಲೆ ಗಂಟು ಬಿಚ್ಚಿತು. ರೈಲಿನ ಟಿಕೆಟಿನಲ್ಲಿರುವುದು ಮಾಸ್ಕೋ ಗಂಟೆ. ಇಲ್ಲಿನವರ ಕೈಗಡಿಯಾರ ಅದಕ್ಕಿಂತ ಎರಡು ಗಂಟೆ ಮುಂದೆ. ಟಿಕೆಟಿನಲ್ಲಿ 12.50 ಎಂದಿತ್ತು, ಅವಳ ಫೋನಿನಲ್ಲೂ 12.50 ಆಯಿತು, ರೈಲೂ ನಿಂತಿತು, ಇಳಿದಳು. ಬೋಗಿಯ ಪರಿಚಾರಿಕೆ ಬಾಗಿಲಿನಿಂದ ಕೂಗಿಕೊಂಡಳಂತೆ. ಬೀಳ್ಕೊಡುತ್ತಿದ್ದಾಳೆಂದು ಇವಳು ಕೈ ಬೀಸಿದಳು.

"ರೈಲು ಹತ್ತುವಾಗ ಪಾಸ್‌ಪೋರ್ಟ್ ಇತ್ತು. ತಂಗುಕೋಣೆಯ ಬೆಂಚಿನ ಮೇಲೆ ಸೊಂಟದ ಚೀಲ ಬಿಚ್ಚಿಟ್ಟು ಹೋಟೆಲ್ ದಾರಿ ಕೇಳೋಕೆ ಕೌಂಟರ್‌ಗೆ ಹೋದರಂತೆ. ಬಂದು ನೋಡಿದಾಗ ಪಾಸ್‌ಪೋರ್ಟ್ ಮಾತ್ರ ಇಲ್ಲ."

"ಪಕ್ಕದಲ್ಲಿ ಯಾರಿದ್ರು, ಕೇಳಿ."

ಪ್ರಶ್ನೆ ಹೋಯಿತು. ಡೋರೀನ್ ಉದ್ದಕ್ಕೆ ಏನೋ ಹೇಳಿ, ಟೀಚರ ಕಡೆ ಕೈ ತೋರಿಸಿ, ಅವರ ತೋಳು ಮುಟ್ಟಿದಳು.

"ಏನಂತೆ?"

"ಯಾರೂ ಇರಲಿಲ್ಲವಂತೆ. ನಾನು ಬಂದದ್ದಕ್ಕೆ ಥ್ಯಾಂಕ್ಸ್ ಹೇಳ್ತಿದಾರೆ."

ಮೂರು ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಬೆಂಚಿನ ಕೆಳಗೆ, ಕಸದ ಡಬ್ಬಿಯಲ್ಲಿ, ಪಾಯಿಖಾನೆಯಲ್ಲಿ ಹುಡುಕಿದರು. ಗುಡಿಸುವ ಹೆಂಗಸು ಪೊರಕೆಗೆ ಒರಗಿ ನಿಂತು ನೋಡುತ್ತಿದ್ದಳು.

"ನೋಟು ಬಿಟ್ಟು ಪಾಸ್‌ಪೋರ್ಟ್ ಎತ್ಕೊಂಡು ಹೋಗೋ ಕಳ್ಳ ನಮ್ಮೂರಲ್ಲಿ ಯಾವನಪ್ಪಾ? ಓದಿದವನೇ ಇರ್ಬೇಕು" ಎಂದಳು.

ದ್ಯೂಕಿನ್‌ನ ತಲೆಯನ್ನೂ ಅದೇ ಕೊರೆಯುತ್ತಿತ್ತು.

ನಾಲ್ಕು ಗಂಟೆಗೆ ಠಾಣೆಗೆ ಮರಳಿದಾಗ ಟೀಚರು ಚಹಾಕ್ಕೆ ನೀರಿಡಲು ಒಳಗೆ ಹೋದರು. ಡೋರೀನ್ ಸೋತು ಕೂತಿದ್ದಳು. ಧೈರ್ಯ ಹೇಳೋಣವೆಂದು ದ್ಯೂಕಿನ್ ಒಂದು ಕಾಗದದ ಮೇಲೆ ರೈಲಿನ ಚಿತ್ರ ಗೀಚಿ, ಪಕ್ಕದಲ್ಲಿ 18.20 ಎಂದು ಬರೆದು ತೋರಿಸಿದ. ಯೆಕಟೆರಿನ್‌ಬರ್ಗ್ ರೈಲು, ಇವತ್ತೇ, ಇಲ್ಲಿನ ಗಂಟೆಯ ಲೆಕ್ಕದಲ್ಲಿ. ಈ ಮಾತನ್ನು ಟೀಚರ ಮೂಲಕ ಆಗಲೇ ಎರಡು ಸಲ ಹೇಳಿಸಿದ್ದ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೇಳನೇ ತಾರೀಕಿನ ಮೇಲೆ ಬೆರಳಿಟ್ಟಳು. ಶುಕ್ರವಾರ. ಆಮೇಲೆ ಟೀಚರು ಹೋಗಿದ್ದ ಒಳಕೋಣೆಯ ಕಡೆ ತೋರಿಸಿ, ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು, ಮಲಗುವಂತೆ ಮಾಡಿದಳು.

ದ್ಯೂಕಿನ್ ತಾನು ಗೀಚಿದ ಕಾಗದವನ್ನೂ ಕ್ಯಾಲೆಂಡರನ್ನೂ ಮತ್ತೊಮ್ಮೆ ನೋಡಿದ. ರೈಲು ಶುಕ್ರವಾರ ಎಂದು ತಾನು ಯಾವಾಗ ಹೇಳಿದೆ? ಟೀಚರ ಮನೆಯಲ್ಲಿ ಮಲಗು ಎಂದು ಹೇಳಿದವರ್ಯಾರು? ಮಧ್ಯಾಹ್ನದಿಂದ ತಾನು ಆಡಿದ್ದೇನು, ಇವಳು ಕೇಳಿಸಿಕೊಂಡದ್ದೇನು? ಇವಳು ಆಡಿದ್ದೇನು, ತಾನು ಬರೆದುಕೊಂಡದ್ದೇನು?

ರವಿಲ್‌ನನ್ನು ಅಂಗಳಕ್ಕೆ ಕರೆದ.

"ನೀನು ಕರೆಯೋಕೆ ಹೋದಾಗ ಅವರು ಏನ್ಮಾಡ್ತಿದ್ರು?"

"ಹಿಟ್ಟು ನಾದಿ ಟವೆಲ್ ಮುಚ್ಚಿಟ್ಟಿದ್ರು, ಮೀನಿನ ಕಡುಬಿಗೆ. ಒಬ್ಬರೇ ಇರೋ ಮನೇಲಿ ಅಷ್ಟೊಂದು ಹಿಟ್ಟು ಯಾಕೆ ಅಂತ ಅನ್ನಿಸ್ತು."

"ಯಾಕೆ ಬರ್ಬೇಕು ಅಂತ ಕೇಳಿದ್ರಾ?"

ರವಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇಲ್ಲ ಸವ್ವಿಚ್. ಬೂಟು ಹಾಕ್ಕೊಂಡೇ ನಿಂತಿದ್ರು. ಬಾಗಿಲು ತೆಗೆದವರೇ 'ನಡಿ' ಅಂದ್ರು."

ನಾಲ್ಕೂ ಐವತ್ತಕ್ಕೆ ಅಗ್ನಿಯಾ ಪ್ರೊಖೊರೊವ್ನಾ ಅವರ ಮನೆಯ ಶೋಧನೆ. ಪಂಚರಾಗಿ ಎದುರು ಮನೆಯ ಗಂಡ ಹೆಂಡತಿ. ಬಾಗಿಲ ಬಳಿ ಎರಡು ಜೊತೆ ಮನೆಚಪ್ಪಲಿ, ಒಂದು ಹೊಸದು. ಸೋಫಾದ ಮೇಲೆ ಗಂಜಿ ಹಾಕಿದ ಬಿಳಿ ಹಾಸು. ಹಿಟ್ಟು ಉಬ್ಬಿ ಟವೆಲನ್ನು ಎತ್ತಿ ಪಾತ್ರೆಯ ಅಂಚು ದಾಟಿತ್ತು. ಟೀಚರು ನಡುಮನೆಯಲ್ಲಿ ನಿಂತಿದ್ದರು.

"ನಾವೇ ಹುಡುಕೋದೋ, ನೀವೇ ಕೊಡ್ತೀರೋ?"

"ದಿಂಬಿನ ಕೆಳಗಿದೆ. ಹಾಸಿಗೆ ಕೆಡಿಸಬೇಡ ಅಂತ ರವಿಲ್‌ಗೆ ಹೇಳಿ."

ನೀಲಿ ಪಾಸ್‌ಪೋರ್ಟ್ ಸಿಕ್ಕಿತು. ಐದೂ ಹದಿನೈದಕ್ಕೆ ಪಂಚನಾಮೆ ಮುಗಿಯಿತು. ದಾಖಲೆ ಕಳವಿನ ಕಲಂ ಪ್ರಕಾರ ಬಂಧನ. ಎದುರು ಮನೆಯಾಕೆ ರುಜು ಹಾಕುತ್ತಾ, "ನನ್ನ ಮಕ್ಕಳಿಬ್ಬರಿಗೂ ಇವರೇ ಕಲಿಸಿದ್ದು" ಎಂದು ಅತ್ತುಬಿಟ್ಟಳು.

ಹೇಳಿಕೆ ಬರೆದುಕೊಂಡದ್ದು ಠಾಣೆಯಲ್ಲಿ.

"ಬೆಂಚಿನ ಪಕ್ಕ ನೀವೇ ಇದ್ರಿ."

"ಇದ್ದೆ. ಪೇಪರ್ ತರೋಕೆ ಹೋಗಿದ್ದೆ. ಅವರು ನಕ್ಷೆ ಹಿಡ್ಕೊಂಡು ಇಂಗ್ಲಿಷಲ್ಲಿ ಗೊಣಗ್ತಾ ಇದ್ರು."

"ವೀಸಾ ನಾಳೆ ಮುಗಿಯುತ್ತೆ ಅಂತ ನೀವೇ ನನಗೆ ಹೇಳಿದ್ರಲ್ಲ!"

"ಅಷ್ಟು ಹೊತ್ತಿಗೆ ಆಗಿಹೋಗಿತ್ತು. ಆಮೇಲೆ ಹೇಳೋಕೆ ನಾಲಿಗೆ ಏಳಲಿಲ್ಲ."

"ಯಾಕೆ ತಗೊಂಡ್ರಿ?"

ಅವರು ಎದೆಯ ಪಿನ್ನನ್ನು ಸರಿಮಾಡಿಕೊಂಡರು. "ಮೂವತ್ತೊಂದು ವರ್ಷ ಕಲಿಸಿದೀನಿ, ಯೆರ್ಮೊಲಾಯ್ ಸವ್ವಿಚ್. ಆ ಭಾಷೆಯವರನ್ನ ಕಣ್ಣಾರೆ ಕಂಡಿದ್ದು ಇವತ್ತೇ. ಮಾತಾಡಿಸಿದೆ. ಅವರಿಗೆ ಅರ್ಥ ಆಗಲಿಲ್ಲ. ಮತ್ತೆ ಹೇಳಿದೆ. ನಕ್ಕು, ತಲೆ ಆಡಿಸಿ, ಚೀಲ ಅಲ್ಲೇ ಬಿಟ್ಟು ಕೌಂಟರಿಗೆ ಹೋದರು, ನಾನು ಒಂದು ಕಂಬ ಅನ್ನೋ ಹಾಗೆ. ಹಾಗಾದ್ರೆ ಇಷ್ಟು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಏನು? ಎರಡು ದಿನ ಎದುರಿಗೆ ಕೂತು ಮಾತಾಡಿದ್ರೆ ಗೊತ್ತಾಗ್ತಿತ್ತು. ನಿಮ್ಮ ಠಾಣೇಲಿ, ಸಂಜೆ ಹೊತ್ತಿಗೆ, ನಾನು ಹೇಳಿದ್ದೆಲ್ಲ ಅವರಿಗೆ ತಿಳೀತಾ ಇತ್ತು."

ದ್ಯೂಕಿನ್ ಹಾಗೆಯೇ ಬರೆದ. ಈಗ ಇದನ್ನು ದೂರುದಾರಳಿಗೆ ಅವಳ ಭಾಷೆಯಲ್ಲಿ ತಿಳಿಸಬೇಕು; ತಿಳಿಸಬಲ್ಲವರು ಊರಿನಲ್ಲಿ ಒಬ್ಬರೇ. ನಿಯಮದಲ್ಲಿ ಇದಕ್ಕೆ ದಾರಿ ಇರಲಿಲ್ಲ. ರೈಲಿಗೆ ಉಳಿದದ್ದು ಇಪ್ಪತ್ತೆಂಟು ನಿಮಿಷ.

"ಹೇಳಿ" ಎಂದ. "ಇದ್ದದ್ದು ಇದ್ದ ಹಾಗೆ."

ಅವರು ಎದ್ದು ನಿಂತು, ಪಾಠ ಒಪ್ಪಿಸುವವರಂತೆ ಕೈ ಕೆಳಗಿಟ್ಟು ಹೇಳಿದರು. ಡೋರೀನ್ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಕೊನೆಗೆ ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ತಿರುಗಿ, ಒಂದೇ ಒಂದು ಸಣ್ಣ ಮಾತು ಹೇಳಿ ರವಿಲ್‌ನ ಹಿಂದೆ ಹೊರಟುಹೋದಳು.

"ಏನಂದ್ರು?" ದ್ಯೂಕಿನ್ ಕೇಳಿದ.

ಟೀಚರು ಬಾಗಿಲನ್ನೇ ನೋಡುತ್ತಿದ್ದರು.

"ಒಂದೊಂದು ಪದವೂ ಅರ್ಥವಾಯ್ತು ಅಂದ್ರು."

ಅವಳು ಹೇಳಿದ್ದು ಅದೇ ಹೌದೋ ಅಲ್ಲವೋ, ದ್ಯೂಕಿನ್‌ಗೆ ತಿಳಿಯುವ ಬಗೆ ಇರಲಿಲ್ಲ. ಪೆನ್ನು ತೆಗೆದುಕೊಂಡು ಹಾಗೆಂದೇ ಬರೆದುಕೊಂಡ.