ದೊಡ್ಡಮ್ಮನ ಗಿಡಗಳಿಗೆ ನೀರು ಹಾಕಿದವರು ಯಾರು?

ಹಗಲು ಹನ್ನೊಂದು ಗಂಟೆಗೆ ಯಾರೂ ದೆವ್ವ ನೋಡುವುದಿಲ್ಲ. ಅವಳು ನೋಡಿದಳು.

ಹಿತ್ತಲಿನ ಟೊಮೆಟೊ ಸಾಲಿನ ನಡುವೆ ಅದು ಬಗ್ಗಿ ನಿಂತಿತ್ತು. ಕೂದಲು, ಹುಬ್ಬು, ಮೊಣಕೈವರೆಗಿನ ತೋಳು, ಎಲ್ಲವೂ ಬೆಳ್ಳಗೆ. ಕೈಯಲ್ಲಿ ದೊಡ್ಡಮ್ಮನ ತಗಡಿನ ಕ್ಯಾನು. ಗಿಡಕ್ಕೆ ನೀರು ಹಾಕುತ್ತ, ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ಏನೋ ಹೇಳುತ್ತಿತ್ತು. ನಡುನಡುವೆ ಸುಮ್ಮನಾಗುತ್ತಿತ್ತು, ಉತ್ತರ ಕೇಳಿಸಿಕೊಳ್ಳುವವರ ಹಾಗೆ.

ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಅವಳು ಪರದೆಯನ್ನು ಇನ್ನಷ್ಟು ಸರಿಸಿ ನೋಡಿದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಕಣ್ಣು ಪರೀಕ್ಷಿಸುವುದು ಅವಳ ಕೆಲಸ. ಈಗ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಆದರೆ ಅವಳು ಕಾಯುತ್ತಿದ್ದದ್ದು ಇದಕ್ಕೇ ಅಲ್ಲವೇ?

ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ ತೀರಿಕೊಂಡು ಎರಡು ತಿಂಗಳು. ಮನೆ ನೋಡಿಕೊಳ್ಳಲು ಅವಳು ಇಲ್ಲಿಗೆ ಬಂದು ಮೂರು ವಾರ. ಬಂದ ದಿನದಿಂದ ಒಂದು ವಿಚಿತ್ರ. ಸಂಜೆ ಅಂಗಡಿಯಿಂದ ಬಂದು ನೋಡಿದರೆ ಗಿಡದ ಬುಡ ಒದ್ದೆ. ತಾನು ಕಿಟಕಿಯ ಕಡೆ ತಿರುಗಿಸಿಟ್ಟ ಕುರ್ಚಿ ಗಿಡಗಳ ಕಡೆ ತಿರುಗಿರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಓಡುತ್ತಿದ್ದರು. ಅವಳಿಗೆ ಮಾತ್ರ ಸಮಾಧಾನವಾಗುತ್ತಿತ್ತು. ದೊಡ್ಡಮ್ಮ ಎಲ್ಲೂ ಹೋಗಿಲ್ಲ...

ಇಷ್ಟಾದರೂ ಗಿಡಗಳು ಸೊರಗುತ್ತಿದ್ದವು. ಎಲೆ ಹಳದಿಯಾಗಿ ಜೋತುಬಿದ್ದಿತ್ತು, ಕಾಯಿಯ ತಳ ಕಪ್ಪಾಗಿ ಕೊಳೆಯುತ್ತಿತ್ತು. ಬಾಯಾರಿಕೆಯಿರಬೇಕೆಂದು ಅವಳು ಸಂಜೆ ಮತ್ತೆರಡು ಕ್ಯಾನು ಸುರಿಯುತ್ತಿದ್ದಳು. ಇದ್ದದ್ದು ಎಂಟೇ ಗಿಡ. ದೊಡ್ಡಮ್ಮ ಇಪ್ಪತ್ತು ವರ್ಷ ಹಣ್ಣಿನಿಂದ ಬೀಜ ತೆಗೆದು ಉಳಿಸಿಕೊಂಡು ಬಂದ ತಳಿ ಅದು. ಬೀಜದ ಡಬ್ಬಿ ಖಾಲಿ. ಈ ಎಂಟೂ ಹೋದರೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಇವತ್ತು ಜ್ವರದ ನೆಪ ಹೇಳಿ ರಜೆ ಹಾಕಿ, ದೊಡ್ಡಮ್ಮನ ಬೂದು ಸ್ವೆಟರ್ ತೊಟ್ಟು, ಪರದೆಯ ಮರೆಯಲ್ಲಿ ಕಾದಿದ್ದಳು.

ಬಿಳಿಯ ಆಕೃತಿ ತಲೆಯೆತ್ತಿ ಕಿಟಕಿಯತ್ತ ನೋಡಿತು. ಕ್ಯಾನು ಕೈಜಾರಿ ಬಿತ್ತು.

"ಟೀಚರ್..." ಎಂದು ಅದು ಅಲ್ಲೇ ಕುಸಿದು ಕುಳಿತಿತು.

ದೆವ್ವಕ್ಕೂ ಹೆದರಿಕೆಯೇ? ಅವಳು ಧೈರ್ಯ ಮಾಡಿ ಹಿತ್ತಲ ಬಾಗಿಲು ತೆರೆದಳು.

"ಯಾರು ನೀವು?"

"ನೀವು... ಉಸಿರಾಡ್ತಿದ್ದೀರಾ?"

"ಇಷ್ಟು ಹೊತ್ತು ಆಡ್ತಿದ್ದೆ. ಈಗ ನಿಂತೋಗೋ ಹಾಗಿದೆ."

ಅವನು ತೋಳು ಒರೆಸಿಕೊಂಡ. ಬಿಳಿ ಉದುರಿತು. "ಹಿಟ್ಟು. ಗೋಡೆ ಆಚೆ ಬೇಕರಿ ನಂದು. ಈ ಮನೆ ಟೀಚರ್ ನಂಗೆ ಪಾಠ ಹೇಳಿದೋರು. ಗೋಡೆಯಲ್ಲಿರೋ ಚಿಕ್ಕ ಬಾಗಿಲಿನಿಂದ ಬರ್ತೀನಿ. ಆಸ್ಪತ್ರೆಗೆ ಹೋಗೋವಾಗ 'ನಾನು ಬರೋವರೆಗೂ ನೀರು ತಪ್ಪಿಸಬೇಡ' ಅಂದ್ರು."

"ಅವರು ಬರ್ಲಿಲ್ಲ."

"ಬರ್ಲಿಲ್ಲ. ನಿಲ್ಲಿಸು ಅಂತಾನೂ ಹೇಳ್ಲಿಲ್ಲ."

ಅವನ ಕಣ್ಣುಗಳು ಹಿಟ್ಟಿನ ನಡುವೆ ಕೆಂಪಗೆ ಕಾಣುತ್ತಿದ್ದವು. ಅತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಎದೆಯೊಳಗೆ ಏನೋ ಮೆತ್ತಗಾಯಿತು. ಅದೇ ಕ್ಷಣಕ್ಕೆ ಇನ್ನೊಂದು ಮಾತು ಹೊಳೆಯಿತು.

"ದಿನಾ ನೀರು ಹಾಕ್ತಿದ್ದದ್ದು ನೀವಾ? ನಾನೂ ದಿನಾ ಸಂಜೆ ಹಾಕ್ತೀನಿ."

ಅವನು ಗಿಡಗಳತ್ತ ತಿರುಗಿದ. ತುದಿಯಲ್ಲಿದ್ದ ಗಿಡವನ್ನು ಮೆಲ್ಲನೆ ಎಳೆದ. ಕೆಸರಿನಿಂದ ಎದ್ದುಬಂದಂತೆ ಸಲೀಸಾಗಿ ಬಂತು. ಬೇರು ಕಂದಾಗಿ ಲೋಳೆಯಾಗಿತ್ತು, ಕೊಳೆತ ನಾತ.

"ಬಾಯಾರಿಕೆ ಅಲ್ಲ... ಮುಳುಗಿ ಸಾಯ್ತಿವೆ. ಬೇರು ಕೊಳೆತ್ರೆ ಎಲೆಗೆ ನೀರು ಏರಲ್ಲ, ಒಣಗಿದ ಹಾಗೇ ಜೋತುಬೀಳುತ್ತೆ. ಕಾಯಿ ತಳ ಕಪ್ಪಾಗೋದೂ ಅದಕ್ಕೇ."

"ನಿಮಗೆ ಗೊತ್ತಿತ್ತಲ್ಲ? ಒದ್ದೆ ಮಣ್ಣು ನೋಡಿಯೂ ಯಾಕೆ ಹಾಕಿದ್ರಿ?"

ಅವನು ಕುರ್ಚಿಯತ್ತ ನೋಡಿದ. "ಮನೆಗೆ ಯಾರೋ ಬಂದಿದ್ದಾರೆ ಅಂತ ಗೊತ್ತಿರ್ಲಿಲ್ಲ, ಅವರೇ ಬಂದು ಹಾಕ್ತಿದ್ದಾರೆ ಅಂದ್ಕೊಂಡೆ. ನಾನು ಹಾಕ್ದೆ ಹೋದ್ರೆ ಬೇಜಾರ್ ಮಾಡ್ಕೋತಾರೆ ಅನ್ನಿಸ್ತು."

ಅವಳೂ ಅದನ್ನೇ ಅಂದುಕೊಂಡಿದ್ದಳು, ಅಕ್ಷರಕ್ಕೆ ಅಕ್ಷರ. ಅದಕ್ಕೇ ಪಿತ್ತ ನೆತ್ತಿಗೇರಿತು. ಮೂರು ವಾರ ದೊಡ್ಡಮ್ಮ ಈ ಹಿತ್ತಲಲ್ಲಿದ್ದಳು. ಈಗ ಇಲ್ಲ. ಇವನು ಒಂದೇ ಮಾತಿಗೆ ಅವಳನ್ನು ಅಳಿಸಿಹಾಕಿದ.

"ನೀವು ಅವರನ್ನ ಎರಡನೇ ಸಲ ಸಾಯಿಸಿದ್ರಿ," ಎಂದಳು. "ಇನ್ಮೇಲೆ ಇಲ್ಲಿಗೆ ಬರಬೇಡಿ."

ಅವನ ಮುಖ ಇನ್ನಷ್ಟು ಬೆಳ್ಳಗಾಯಿತು. ಎದ್ದು ನಿಂತು ತಗ್ಗಿದ ದನಿಯಲ್ಲಿ ಹೇಳಿದ. "ಐದು ದಿನ ಒಂದು ಹನಿಯೂ ಬೇಡ. ಬುಡದ ಮಣ್ಣು ಸಡಿಲ ಮಾಡಿ. ಆಮೇಲೆ ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ರೆ ಮಾತ್ರ ನೀರು. ಈ ಕಿತ್ತ ಗಿಡ ನಾನು ತಗೊಂಡು ಹೋಗ್ಲಾ?"

"ಕಸ ತಾನೇ, ತಗೊಳ್ಳಿ."

ಅವನು ಹೋದ ಮೇಲೆ ಗೋಡೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಕುರ್ಚಿಯನ್ನು ಒಳಗೆ ತಂದಿಟ್ಟಳು. ಸ್ವೆಟರ್ ಬಿಚ್ಚಿ ಮಡಚಿದಳು. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಕೋಪವಿದ್ದರೂ ಅವನು ಹೇಳಿದಂತೆಯೇ ಮಾಡಿದಳು. ಬುಡ ಕೆದಕಿದಳು, ನೀರು ಹರಿದುಹೋಗಲು ಕಾಲುವೆ ತೋಡಿದಳು, ಕೊಳೆತ ಕಾಯಿ ಕಿತ್ತೆಸೆದಳು. ತಡವಾಗಿತ್ತು. ಮೂರನೇ ದಿನಕ್ಕೆ ನಾಲ್ಕು ಗಿಡ, ನಾಲ್ಕನೇ ದಿನಕ್ಕೆ ಇನ್ನೆರಡು ಒಣಗಿ ನಿಂತವು. ಉಳಿದದ್ದು ಒಂದೇ.

ಹಿತ್ತಲು ಹಿಂದೆಂದೂ ಇಷ್ಟು ನಿಶ್ಶಬ್ದವಾಗಿರಲಿಲ್ಲ. ಅಂಗಡಿಯಲ್ಲಿ ಹನ್ನೊಂದಾದರೆ ಸಾಕು, ಕೈ ತಾನಾಗಿ ನಿಲ್ಲುತ್ತಿತ್ತು. ಈಗವನು ಯಾರ ಹತ್ತಿರ ಮಾತಾಡುತ್ತಿರಬಹುದು? ಅವನ ಮೇಲೆ ಕೂಗಾಡಿದ್ದು ನೆನಪಾದರೆ ಮುಖ ಬಿಸಿಯಾಗುತ್ತಿತ್ತು. ತನ್ನ ಹಾಗೇ ದೊಡ್ಡಮ್ಮನಿಗಾಗಿ ಕಾದಿದ್ದವನು ಲೋಕದಲ್ಲಿ ಅವನೊಬ್ಬನೇ...

ಐದನೇ ದಿನ ಬೆಳಿಗ್ಗೆ ಹಿತ್ತಲಿಗೆ ಬಂದವಳು ನಿಂತಲ್ಲೇ ನಿಂತಳು.

ಒಣಗಿ ಬಿರುಕುಬಿಟ್ಟ ಮಣ್ಣಿನ ನಡುವೆ, ಕೊನೆಯ ಗಿಡದ ಬುಡದಲ್ಲಿ ಮಾತ್ರ, ತಟ್ಟೆಯಗಲದಷ್ಟು ಜಾಗ ಕಪ್ಪಗೆ ಒದ್ದೆಯಾಗಿತ್ತು. ಮುಟ್ಟಿದಳು. ತಣ್ಣಗಿತ್ತು.

ಎಷ್ಟು ಹೇಳಿದರೂ ಬಂದನಲ್ಲ! ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿ ಬಳಸಿ ಬೇಕರಿಗೆ ನುಗ್ಗಿದಳು. ಅವನು ಒಲೆಯಿಂದ ಬ್ರೆಡ್ಡಿನ ಟ್ರೇ ಎಳೆಯುತ್ತಿದ್ದ.

"ಇರೋ ಒಂದನ್ನೂ ಕೊಲ್ಲಬೇಕಾ ನಿಮಗೆ? ಯಾಕೆ ನೀರು ಹಾಕಿದ್ರಿ?"

"ನಾನು ಬಂದಿಲ್ಲ."

"ಸುಳ್ಳು ಹೇಳಬೇಡಿ."

"ನಿಮ್ಮಾಣೆ ಬಂದಿಲ್ಲ. ಬರಬೇಕು ಅಂತ ದಿನಾ ಅನ್ನಿಸ್ತಿತ್ತು, ಅದು ಬೇರೆ ಮಾತು." ಟ್ರೇ ಕೆಳಗಿಟ್ಟ. "ಬನ್ನಿ, ಒಂದು ತೋರಿಸ್ತೀನಿ. ಆಮೇಲೆ ಬೈಯಿರಂತೆ."

ಬೇಕರಿಯ ಹಿಂದೆ, ಒಲೆಯ ಕಾವಿಗೆ ಬೆಚ್ಚಗಿದ್ದ ಗೋಡೆಗೆ ಒತ್ತಿ ಆರು ಹಳೆಯ ಡಬ್ಬಿಗಳಿದ್ದವು. ಒಂದೊಂದರಲ್ಲೂ ಗೇಣುದ್ದದ ಟೊಮೆಟೊ ಕುಡಿ. ತುದಿಯಲ್ಲಿ ಹೊಸ ಎಲೆ.

"ಆವತ್ತು ಕಿತ್ತ ಗಿಡದ ಬೇರು ಮಾತ್ರ ಸತ್ತಿತ್ತು. ಎಲೆ ಸಂದಿಯ ಕಂಕುಳ ಕುಡಿ ಜೀವಂತ ಇದ್ವು. ಮುರಿದು ಮರಳುಮಣ್ಣಲ್ಲಿ ಊರಿದೆ. ಬೇರು ಬಿಟ್ಟಿವೆ. ಅದೇ ಗಿಡ, ಅದೇ ತಳಿ."

ಅವಳು ಕುಕ್ಕರುಗಾಲಲ್ಲಿ ಕುಳಿತು ಒಂದು ಎಲೆಯನ್ನು ಮುಟ್ಟಿದಳು. ಬೆರಳಿಗೆ ಅಂಟಿದ ವಾಸನೆ ದೊಡ್ಡಮ್ಮನ ಕೈಯದೇ ಆಗಿತ್ತು.

"ನಾನು ಕಸ ಅಂದಿದ್ದೆ."

"ದುಃಖದಲ್ಲಿದ್ರಿ."

"ನೀವೂ ದುಃಖದಲ್ಲಿದ್ರಿ. ನಾನು ಕೇಳಲೇ ಇಲ್ಲ."

ಅವಳ ಕಣ್ಣು ತುಂಬಿ ಬಂತು. ಅವನು ಕೈ ಚಾಚಿದ, ಹಿಟ್ಟು ಕಂಡು ಹಿಂದಕ್ಕೆಳೆದುಕೊಂಡ. ಅವಳೇ ಹಿಡಿದುಕೊಂಡಳು.

ಇಬ್ಬರೂ ಮುಂಬಾಗಿಲಿನಿಂದ ಹಿತ್ತಲಿಗೆ ಬಂದರು. ಒದ್ದೆ ಇನ್ನೂ ಆರಿರಲಿಲ್ಲ. ಮಳೆ ಬಂದಿರಲಿಲ್ಲ. ನಲ್ಲಿ ಬಿಗಿಯಾಗಿತ್ತು. ಗೋಡೆಯ ಬಾಗಿಲ ಚಿಲಕ ಹಾಕಿದಂತೆಯೇ ಇತ್ತು, ಅದರ ಮೇಲೆ ಜೇಡವೊಂದು ಬಲೆ ನೇಯ್ದಿತ್ತು. ಒಂದು ಎಳೆಯೂ ಹರಿದಿರಲಿಲ್ಲ.

ಗಾಳಿಯಿಲ್ಲದ ಹಿತ್ತಲಲ್ಲಿ ಕೊನೆಯ ಗಿಡದ ಒಂದು ಎಲೆ ಮೆಲ್ಲಗೆ ಅಲುಗಾಡಿ ನಿಂತಿತು.

"ದೊಡ್ಡಮ್ಮ ಆಗಿದ್ರೆ ನೀರು ಹಾಕ್ತಿರ್ಲಿಲ್ಲ," ಎಂದಳು ಪಿಸುಮಾತಿನಲ್ಲಿ. "ಬೇರು ಕೊಳೆಯುತ್ತೆ ಅಂತ ಅವರಿಗೆ ಗೊತ್ತಿರಲ್ವಾ?"

"ಹಾಕ್ದೇ ಇದ್ದಿದ್ರೆ ನೀವು ನನ್ನ ಹತ್ರ ಜಗಳಕ್ಕೆ ಬರ್ತಿದ್ರಾ?"

ಅವಳು ಅವನ ಹತ್ತಿರ ಸರಿದಳು. ಹಿಡಿದ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಭಯ ಆಗ್ತಿದ್ಯಾ?" ಅವನು ಕೇಳಿದ.

"ಆಗ್ತಿದೆ. ನೀವು ಹೋಗಿಬಿಟ್ರೆ ಇನ್ನೂ ಜಾಸ್ತಿ ಆಗುತ್ತೆ."

"ಹೋಗಲ್ಲ." ಅಡುಗೆಮನೆಯ ಕಡೆ ನೋಡುತ್ತ ಅವನೆಂದ, "ಕಿಟಕಿಯಲ್ಲಿ ನಿಮ್ಮನ್ನ ನೋಡಿದಾಗ ಟೀಚರ್ ಅಂದ್ಕೊಂಡು ಹೆದರಿದೆ. ಅವರಲ್ಲ ಅಂತ ಗೊತ್ತಾದ ಮೇಲೆ... ಇನ್ನೂ ನಿದ್ದೆ ಬಂದಿಲ್ಲ ನಂಗೆ."

ಅವಳು ಅವನ ಹಿಟ್ಟಿನ ತೋಳಿಗೆ ಹಣೆಯಿಟ್ಟಳು.

"ಹಾಗಾದ್ರೆ ಇನ್ಮೇಲೆ ನೀರು ಯಾರು ಹಾಕೋದು?" ಅವನು ಕೇಳಿದ.

"ಇಬ್ಬರೂ," ಎಂದಳು. "ಒಟ್ಟಿಗೆ. ಮಣ್ಣು ಒಣಗಿದ ದಿನ, ಒಂದೇ ಸಲ."